ಹುಣಸೆಬೀಜದ ಸರಿ

ಇಚಲಕರಂಜಿಯ ಸೈಜಿಂಗ್ ಕಾರ್ಖಾನೆ ಮುಂದೆ ಹಾಯುವಾಗ ನೂಲಿಗೆ ಹಾಕುವ ಗಂಜಿಯ ವಾಸನೆ ಬಂದರೆ, ಈಗಲೂ ನನಗೆ ಕೊಲ್ಹಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಚಳಿಗಾಲದ ಕರಕುಶಲ ಮೇಳ. ಗಡಹಿಂಗ್ಲಜ ಕಡೆಯ ಕಂಬಳಿ ನೇಕಾರ ಅಂತ ನಮ್ಮ ಮುತ್ಯಾನನ್ನು, ಅಂದರೆ ಅಪ್ಪನ ಅಪ್ಪನನ್ನು, ಕರೆಸಿದ್ದರು. ಅಪ್ಪ ಪಾವರ್‌ಲೂಮಿಗೆ ರಜೆ ಹಾಕಿ ನನ್ನನ್ನೂ ಕರೆತಂದಿದ್ದ. ಆಯಿ, ಅಂದರೆ ಅಪ್ಪನ ಅವ್ವ, ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದಳು.

ಮುತ್ಯಾನದು ಕುಣಿ ಮಗ್ಗ. ಕಾಲು ಇಳಿಬಿಟ್ಟು ಕೂಡಲು ನೆಲದಲ್ಲಿ ಕುಣಿ ಬೇಕು. ಮೇಳದಲ್ಲಿ ನೆಲವೆಲ್ಲ ಫರ್ಶಿಕಲ್ಲು. ನೇಯುವುದು ಬೇಡ, ಎಳೆಗೆ ಸರಿ, ಅಂದರೆ ಗಂಜಿ, ಹಚ್ಚುವುದನ್ನಾದರೂ ತೋರಿಸಿ ಅಂದರು ಮೇಳದವರು.

ಹುಣಸೆಬೀಜ ಕುದಿಸಿ ಸರಿ ಮಾಡುವುದು, ಉಣ್ಣೆಯ ಎಳೆಗೆ ಹಚ್ಚುವುದು, ಎರಡೂ ಆಯಿಯ ಕೆಲಸವಾಗಿತ್ತು. ಮುತ್ಯಾ ಬೆಳಿಗ್ಗೆ ತಾನೇ ಕುದಿಸಿ ತಂದಿದ್ದ. ಕುಂಚದಿಂದ ಹಚ್ಚಿದರೆ ಅದು ನೀರಿನಂತೆ ಫರ್ಶಿಯ ಮೇಲೆ ತೊಟ್ಟಿಕ್ಕಿತು. ಜನ ಫೋಟೋ ತೆಗೆದರು. "ಕಿತೀ ಛಾನ್!" ಎಷ್ಟು ಚೆಂದ, ಅಂದಳು ಒಬ್ಬಾಕೆ.

ಮುತ್ಯಾ ಸರಿಯನ್ನು ಬೆರಳಿನಲ್ಲಿ ತಿಕ್ಕಿ ನೋಡಿ ಅಪ್ಪನನ್ನು ಕೇಳಿದ, "ನಿಮ್ಮವ್ವ ಎಷ್ಟ ಗಟ್ಟಿ ಮಾಡತಿದ್ಲೋ?"

"ನಾ ಯಾವಾಗ ನೋಡೇನಿ, ಅಪ್ಪಾ?"

ಮುತ್ಯಾ ನನ್ನ ಕಡೆ ನೋಡಿದ. ನಾನು ಫರ್ಶಿ ನೋಡಿದೆ.

ಅವನು ಕುಂಚ ಮತ್ತೆ ಅದ್ದಿದ. ಜನ ಇನ್ನೂ ಫೋಟೋ ತೆಗೆಯುತ್ತಲೇ ಇದ್ದರು.

"ನಿಮ್ಮವ್ವನ ಕಡೀ ಜಳಕದಾಗ ಆಕಿ ಉಗುರಾಗ ಸರಿ ಇನ್ನಾ ಹಂಗಽ ಇತ್ತು," ಅಂದ. "ನಾನಽ ತಿಕ್ಕಿ ತೊಳದೆ."