ಬಾಯಿಬಡುಕಿಯ ಮೌನ

ಮೀನುಗಳು ಮಾತು ಕಲಿತ ಮೇಲೆ ಕೆರೆಗೆ ತೌಡು ಹಾಕುವುದೆಂದರೆ ನಿಂಗವ್ವನಿಗೆ ದಿನವೂ ಜಗಳ. ಎಲ್ಲಕ್ಕಿಂತ ಬಾಯಿಬಡುಕಿಯಾದ ದಪ್ಪ ಜಿಲೇಬಿ ಮೀನು ಮಾತ್ರ ವಾರದಿಂದ ತಿಂದೂ ಇರಲಿಲ್ಲ, ಬೈದೂ ಇರಲಿಲ್ಲ.

"ಜಡ್ಡು ಬಂದೈತಿ. ಸಾಯೂದ್ರಾಗ ಸಾರು ಮಾಡು," ಎಂದ ಗಂಡ ಯಮನಪ್ಪ.

ನಿಂಗವ್ವ ಅದನ್ನು ಬಲೆಯಲ್ಲಿ ಎತ್ತಿದಳು. "ಏನವಾ, ನಾಲಿಗಿ ಬಿದ್ದು ಹೋತೇನ?"

ಮೀನು ಬಾಯಿ ಬಿಗಿಹಿಡಿದು ಕೆಕ್ಕರಿಸಿತು. ತುಟಿಯ ಸಂದಿಯಿಂದ ಪುಟ್ಟ ಮರಿಯೊಂದು ಇಣುಕಿತು. ಅದರ ಹಿಂದೆ ಇನ್ನಷ್ಟು. ಮೊಟ್ಟೆಯೊಡೆದ ಮಕ್ಕಳನ್ನೆಲ್ಲ ಬಾಯಲ್ಲೇ ಕಾಯುತ್ತ ತಾಯಿ ಉಪವಾಸವಿತ್ತು.

"ಬಾಣಂತಿನ್ನ ಸಾರು ಮಾಡಂತೀಯಲ್ಲ, ನಿನ್ನ ಬಾಯಾಗ ಮಣ್ಣು ಹಾಕ!" ಎಂದು ಗಂಡನಿಗೆ ಬೈಯುತ್ತ ನಿಂಗವ್ವ ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟಳು.

ಮರಿ ಮತ್ತೆ ತಲೆ ಹೊರಹಾಕಿತು.

"ನಿನ್ನ ತೌಡು ಹಳಸೈತಂತ. ಅವ್ವ ಹೇಳ್ಯಾಳ."