ಒಂದು ದೀರ್ಘದ ಅಂತರ

ಒದ್ದೆ ಗೋಣಿಯ ವಾಸನೆ ಎಲ್ಲಿ ಬಂದರೂ ನಾನು ಈಗಲೂ ಮೊದಲು ನೆಲ ನೋಡುತ್ತೇನೆ.

ಕಲ್ಕತ್ತೆಯ ಗಾರ್ಡನ್ ರೀಚಿನಲ್ಲಿ ನಮ್ಮ ಕ್ವಾರ್ಟರ್ಸು ಒಂದು ಸಣ್ಣ ಕೆರೆಯ ಏರಿಯ ಕೆಳಗಿತ್ತು. ಏರಿ ಜಿನುಗುತ್ತಿದ್ದ ಕಡೆ ಗೋಣಿಚೀಲ ತುರುಕಿದ್ದರು. ಒಂದು ಬೆಳಿಗ್ಗೆ ಅಲ್ಲಿ ಜಿನುಗುವ ತಿಳಿನೀರು ಮಣ್ಣು ಕಲೆತು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಅಮ್ಮ ಕಾವಲುಗಾರನಿಗೆ ಹೇಳಿದಳು. "ಇವತ್ತು ಬಂದ್, ಬೌದಿ. ನಾಳೆ ನೋಡೋಣ," ಎಂದ. ಕಲ್ಕತ್ತೆಯಲ್ಲಿ ಬಂದ್ ಎಂದರೆ ಏಕಾದಶಿಗಿಂತ ಕಟ್ಟುನಿಟ್ಟು. ಕೆರೆಗೆ ಮಾತ್ರ ಯಾರೂ ತಿಳಿಸಿರಲಿಲ್ಲ.

ಮಧ್ಯಾಹ್ನ ಊಟವಾಗಿ ಪುಟ್ಟ ತಂಗಿ ಚಾಪೆಯ ಮೇಲೆ ನಿದ್ದೆಹೋಗಿದ್ದಳು. ಮಹಡಿಯ ಮನೆಯ ಬಂಗಾಳಿ ಹೆಂಗಸು, ನಾವು ಮಾಶಿಮಾ ಎನ್ನುತ್ತಿದ್ದವರು, ಮೇಲಿಂದ ಕೂಗಿದರು: "ಬಾಂಧ್ ಭೇಂಗೇ ಗೇಛೆ!"

ಅಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಕೇಳಿದೆಯೇನೇ? ಬಂದ್ ಮುರಿದುಬಿತ್ತಂತೆ. ನಾನು ಹೇಳಿರಲಿಲ್ವಾ? ಅರ್ಧ ದಿನವಾದ್ರೂ ಆಫೀಸಿಗೆ ಹೋಗ್ತೀನಿ."

"ಬಂದ್ ಅಲ್ಲ ಅಪ್ಪಾ, ಬಾಂಧ್!"

"ಮನೆಯೊಳಗೆ ಕನ್ನಡದಲ್ಲಿ ಹೇಳು."

ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. "ಬಾಂಧ್... ಬಾಂಧ್..." ಎಂದು ತೊದಲಿದೆ.

"ಒಂದು ದೀರ್ಘಕ್ಕೆ ಇಷ್ಟು ಗಲಾಟೆಯೇ?" ಎಂದ ಅಪ್ಪ, ಇಡೀ ಕೇಂದ್ರ ಸರ್ಕಾರವೇ ತಮಗಾಗಿ ಕಾಯುತ್ತಿದೆಯೆಂಬ ಗಾಂಭೀರ್ಯದಿಂದ ಅಂಗಿ ತೊಟ್ಟು ಬಾಗಿಲು ತೆರೆದರು.

ಹೊರಗೆ ಬಿಟ್ಟಿದ್ದ ಬೂಟುಗಳು ಕಂದು ನೀರಿನ ಮೇಲೆ, ಅವರಿಗಿಂತ ಮೊದಲೇ ಆಫೀಸಿಗೆ ಹೊರಟಿದ್ದವು.

ಯಾರೂ ನಗಲಿಲ್ಲ. "ಏರಿ," ಎಂದರು ಅಪ್ಪ ಮೆಲ್ಲಗೆ, ನನಗೆ ಪದ ಕಲಿಸುವವರಂತೆ. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿ ಗೋಣಿಯ ವಾಸನೆಯೊಂದಿಗೆ ಒಳಗೆ ಬಂತು. ಅಮ್ಮ ಓಡಿಹೋಗಿ ತಂಗಿಯನ್ನು ಎತ್ತಿಕೊಂಡಳು.

ಖಾಲಿ ಚಾಪೆ ನೆಲ ಬಿಟ್ಟೆದ್ದು, ನಿಧಾನವಾಗಿ ಬಾಗಿಲಿನ ಕಡೆ ತಿರುಗಿತು.