ಕ್ವಾಶಿಯ ಪಾಲಿನ ಚರಂಡಿ

ಹಗ್ಗ ಸಡಿಲಿಸಿದರೂ ಕ್ವಾಶಿಯ ಶವಪೆಟ್ಟಿಗೆ ಗುಂಡಿಗೆ ಇಳಿಯಲಿಲ್ಲ. ಅಂಚಿನವರೆಗೆ ತುಂಬಿದ್ದ ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತ, ಒಮ್ಮೆ ಪಾದ್ರಿಯ ಕಡೆಗೆ, ಒಮ್ಮೆ ಓವರ್ಸಿಯರ್ ಫೋರ್ಡೈಸನ ಕಡೆಗೆ ಮುಖ ತಿರುಗಿಸಿತು.

ಕಡಲ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ಡೆಮೆರಾರಾ ಕರಾವಳಿಯ ಆ ಊರಿನಲ್ಲಿ ಕಾಲುವೆ, ಚರಂಡಿ, ತೂಬು ಎಲ್ಲಕ್ಕೂ ಫೋರ್ಡೈಸನೇ ಯಜಮಾನ; ಟೋಪಿಯ ಮೇಲೆ ರಾಣಿಯ ಕಿರೀಟದ ಬಿಲ್ಲೆಯೇ ಇತ್ತು. ಒಂದೊಂದು ಮನೆಯವರು ಒಂದೊಂದು ಪಾಲು ಚರಂಡಿ ತೋಡಬೇಕೆಂಬುದು ಊರ ಕಟ್ಟಳೆ. ಸ್ಮಶಾನದ ಬದಿಯ ಪಾಲು ಕ್ವಾಶಿಯದು. "ಸತ್ತರೂ ಅದಕ್ಕೆ ಇಳಿಯೋದಿಲ್ಲ" ಎಂದಿದ್ದ ಅವನು. "ನೀನು ಸತ್ತರೂ ನಾನದನ್ನ ಮುಟ್ಟೋದಿಲ್ಲ" ಎಂದಿದ್ದ ಫೋರ್ಡೈಸ್. ಚರಂಡಿಯ ಹುಲ್ಲು ಇಬ್ಬರ ಮಾತಿಗೂ ತಲೆದೂಗುತ್ತ ಬೆಳೆದಿತ್ತು.

"ಓವರ್ಸಿಯರಪ್ಪಾ, ಕಡಲು ಏರ್ತಾ ಇದೆ," ಎಂದ ತೂಬು ಕಾಯುವವನು, ನಿಂತಲ್ಲಿ ನಿಲ್ಲಲಾರದೆ. "ಇನ್ನೇನು ತೂಬು ಮುಚ್ಚಬೇಕು. ಮುಚ್ಚಿದ್ರೆ ಈ ನೀರು ರಾತ್ರಿಯೆಲ್ಲ ಇಲ್ಲೇ."

"ಇರ್ಲಿ ಬಿಡು, ನಮ್ಮನೆಯವ್ರಿಗೆ ಈಜು ಬರ್ತಿತ್ತು," ಎಂದಳು ಕ್ವಾಶಿಯ ಹೆಂಡತಿ ಡಾರ್ಕಸ್. ಅಳುತ್ತಲೇ ಕರಿಯ ಲಂಗ ಎತ್ತಿ ಕಟ್ಟಿದಳು. "ಆ ಸಲಿಕೆ ಇತ್ಲಾಗೆ ಕೊಡಿ. ಅವ್ರ ಪಾಲು ನಾನೇ ತೋಡ್ತೀನಿ."

ಫೋರ್ಡೈಸ್ ತನ್ನ ಟೋಪಿ ತೆಗೆದು ಅವಳ ಕೈಗಿಟ್ಟು, ಸಲಿಕೆ ಹಿಡಿದು, ಭಾನುವಾರದ ಕೋಟಿನಲ್ಲೇ ಚರಂಡಿಗೆ ಇಳಿದ. ಸೊಂಟದವರೆಗೆ ಕೆಸರು. ಅವನು ಹುಲ್ಲಿನ ಬೇರು ಕಡಿದಂತೆಲ್ಲ ನೀರು ಗೊಳಗೊಳನೆ ತೂಬಿನತ್ತ ಹೊರಟಿತು. ಪೆಟ್ಟಿಗೆ ಮಾತ್ರ ಯಾವ ಅವಸರವೂ ಇಲ್ಲದೆ, ದೊಡ್ಡಮನುಷ್ಯರ ಹಾಗೆ, ನಿಧಾನವಾಗಿ ತಳ ಸೇರಿತು.

ಡಾರ್ಕಸ್ ಗುಂಡಿಯೊಳಗೆ ಬಗ್ಗಿ ಗಂಡನ ಪೆಟ್ಟಿಗೆಯನ್ನು ನೋಡಿದಳು.

"ಸಮಾಧಾನ ಆಯ್ತಾ?" ಎಂದಳು. "ಚರಂಡಿಗೆ ಅವನನ್ನೇ ಇಳಿಸಿದ್ರಲ್ಲ."